ಒಟ್ಟಾವಾದಲ್ಲಿ ಸರ್ಕಾರಿ ಕೆಲಸ ಸಿಕ್ಕಿದೆ, ಮನೆ ಎಲ್ಲಿ ಹಿಡಿಯಲಿ ಅಂತ ಕೇಳಿದ ಬನಶಂಕರಿಯವರಿಗೆ

ನೀವು ಕೇಳಿದ್ದು ಇಷ್ಟು. ಪಿಆರ್ ಕಾರ್ಡ್, ಅಂದರೆ ಕೆನಡಾದಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿ, ಬಂದಿದೆ, ಕೆನಡಾ ಕೇಂದ್ರ ಸರ್ಕಾರದ ಐಟಿ ಕೆಲಸದ ಆಫರ್ ಒಟ್ಟಾವಾದಿಂದ ಬಂದಿದೆ. ಅರ್ಧ ವಾರ ಮನೆಯಿಂದಲೇ ಕೆಲಸ ಮಾಡಬಹುದು ಅಂತ ಪರಿಚಯದವರು ಹೇಳಿದ್ದಾರೆ. ಹಾಗಾಗಿ ಯಜಮಾನರ ಸ್ನೇಹಿತರಿರುವ ಕಿಂಗ್ಸ್ಟನ್‌ನಲ್ಲಿ ಮನೆ ಹಿಡಿದರೆ ಹೇಗೆ? ವರ್ಷಕ್ಕೆ ಎರಡು ತಿಂಗಳು ಬನಶಂಕರಿಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದುಕೊಂಡು ಲ್ಯಾಪ್‌ಟಾಪಿನಲ್ಲೇ ಕೆಲಸ ಮುಗಿಸಬಹುದಾ? ಈಗ ಎಲ್ಲರೂ ಆಫೀಸಿಗೆ ಬರಲೇಬೇಕು ಅನ್ನುತ್ತಿದ್ದಾರಂತೆ, ಹಾಗಾದರೆ ಬರುವುದೇ ಬೇಡವಾ?

ಬನ್ನಿ. ಆದರೆ ವಾರದ ಐದು ದಿನವೂ ಆಫೀಸಿದೆ ಅಂತಲೇ ಲೆಕ್ಕ ಹಾಕಿಕೊಂಡು ಬನ್ನಿ. ಮನೆಯಿಂದ ಕೆಲಸ ಮಾಡುವ ದಿನ ಸಿಕ್ಕಿದರೆ ಲಾಭ, ಸಿಗದಿದ್ದರೆ ನಷ್ಟವಿಲ್ಲ ಅನ್ನುವ ಹಾಗೆ ಮನೆ, ಮಗುವಿನ ಶಾಲೆ, ಬಸ್ಸು ಎಲ್ಲ ನೋಡಿಕೊಳ್ಳಿ.

ಸುಮ್ನೆ ಹೆದರಿಸುತ್ತಿದ್ದೇನೆ ಅನ್ನಿಸಬಹುದು. ಇಲ್ಲಿವರೆಗೆ ನಡೆದದ್ದನ್ನು ನೋಡಿ. 2020ರ ಮಾರ್ಚ್‌ನಲ್ಲಿ ಎಲ್ಲರನ್ನೂ ಮನೆಗೆ ಕಳಿಸಿದರು. 2022ರ ಡಿಸೆಂಬರ್‌ನಲ್ಲಿ ಟ್ರೆಷರಿ ಬೋರ್ಡ್, ಅಂದರೆ ಒಟ್ಟಾವಾದಲ್ಲಿ ಕೇಂದ್ರ ಸರ್ಕಾರದ ಕೆಲಸದಲ್ಲಿರುವ ನನ್ನಂಥವರ ಮಾಲೀಕರು, ವಾರಕ್ಕೆ ಎರಡು ಮೂರು ದಿನ ಬನ್ನಿ ಅಂದರು. 2023ರ ಮಾರ್ಚ್ 31ರೊಳಗೆ ಅದು ಜಾರಿಗೆ ಬಂತು. ಏಪ್ರಿಲ್ 19ಕ್ಕೆ ಪಿಎಸ್‌ಎಸಿ ಅನ್ನುವ ಕೇಂದ್ರ ನೌಕರರ ಸಂಘದ 1,55,000 ಜನ ಮುಷ್ಕರಕ್ಕೆ ಇಳಿದರು. ಸಂಬಳದ ಜೊತೆಗೆ ಮನೆಯಿಂದ ಕೆಲಸ ಮಾಡುವ ಹಕ್ಕೂ ಮುಖ್ಯ ಬೇಡಿಕೆ. ಸಂಬಳ ಒಂದಷ್ಟು ಏರಿತು. ಮನೆಯಿಂದ ಕೆಲಸ ಮಾಡುವ ವಿಷಯಕ್ಕೆ ಸಿಕ್ಕಿದ್ದು ಒಂದು ಪತ್ರ. ಒಪ್ಪಂದದ ಒಳಗಿನ ಕಲಮು ಅಲ್ಲ, ಹೊರಗಿನ ಪತ್ರ. ಅರ್ಜಿಗಳನ್ನು ಒಬ್ಬೊಬ್ಬರದಾಗಿ ಪರಿಶೀಲಿಸುತ್ತೇವೆ ಅಂತ ಅದರಲ್ಲಿತ್ತು. ಸರಿಯಾಗಿ ಒಂದು ವರ್ಷಕ್ಕೆ, 2024ರ ಮೇನಲ್ಲಿ, ಸೆಪ್ಟೆಂಬರ್ 9ರಿಂದ ಮೂರು ದಿನ ಕಡ್ಡಾಯ ಅಂತ ಹೊಸ ಸೂಚನೆ ಬಂತು. 2026ರ ಫೆಬ್ರವರಿಯಲ್ಲಿ ಇನ್ನೊಂದು: ಅಧಿಕಾರಿ ದರ್ಜೆಯವರು 2026ರ ಮೇ 4ರಿಂದ ಐದೂ ದಿನ, ಉಳಿದವರು ಜುಲೈ 6ರಿಂದ ನಾಲ್ಕು ದಿನ.

ಎರಡು, ಮೂರು, ನಾಲ್ಕು. ಮುಂದಿನದು ಯಾವುದು ಅಂತ ಹೇಳಲು ಜ್ಯೋತಿಷಿ ಬೇಕಾ? ಒಂಟಾರಿಯೊ ಪ್ರಾಂತ್ಯದ ಸರ್ಕಾರ ತನ್ನ ನೌಕರರಿಗೆ 2026ರ ಜನವರಿ 5ರಿಂದಲೇ ಐದು ದಿನ ಮಾಡಿದೆ. ಪಕ್ಕದ ಅಮೆರಿಕದಲ್ಲಂತೂ ಟ್ರಂಪ್ 2025ರ ಜನವರಿ 20ರಂದು, ಕುರ್ಚಿಯಲ್ಲಿ ಕೂತ ದಿನವೇ, ಎಲ್ಲರೂ ವಾಪಸ್ ಬನ್ನಿ ಅಂತ ಸಹಿ ಹಾಕಿದರು.

ನಮ್ಮಪ್ಪ ಬೆಂಗಳೂರಿನ ಎಂ.ಎಸ್. ಬಿಲ್ಡಿಂಗಿನಲ್ಲಿ ಸರ್ಕಾರಿ ನೌಕರಿ ಮಾಡಿ ನಿವೃತ್ತರಾದವರು. ಈ ರಾಮಾಯಣ ಎಲ್ಲ ಹೇಳಿದರೆ ಅವರಿಗೆ ನಗು. ‘ಫೈಲು ಇರೋದು ಆಫೀಸಲ್ಲಿ, ನೀನು ಮನೆಯಲ್ಲಿ ಕೂತು ಏನು ಮಾಡ್ತೀಯಾ?’ ಅನ್ನುತ್ತಾರೆ. ಕೆನಡಾದ ತೆರಿಗೆದಾರರೂ ಹೆಚ್ಚು ಕಡಿಮೆ ಇದೇ ಮಾತು ಆಡುತ್ತಾರೆ, ಸ್ವಲ್ಪ ಬೇರೆ ಧಾಟಿಯಲ್ಲಿ. ಊರ ಮಧ್ಯದ ಹೋಟೆಲಿನವರಿಗೆ ಮಧ್ಯಾಹ್ನದ ಗಿರಾಕಿ ಬೇಕು, ಬಸ್ಸಿನವರಿಗೆ ಟಿಕೆಟ್ ಬೇಕು. ಸರ್ಕಾರ ಹೇಳುವ ಕಾರಣ ಒಟ್ಟಾಗಿ ಕೆಲಸ ಮಾಡುವುದು, ಹೊಸಬರಿಗೆ ಕಲಿಸುವುದು. ಹೊಸಬರ ವಿಷಯದಲ್ಲಿ ಆ ಮಾತು ಪೂರ್ತಿ ಸುಳ್ಳಲ್ಲ. ಮೊದಲ ಆರು ತಿಂಗಳು ಯಾರನ್ನು ಏನು ಕೇಳಬೇಕು ಅಂತ ಮನೆಯಲ್ಲಿ ಕೂತರೆ ಗೊತ್ತಾಗಲ್ಲ. ಹೊಸ ದೇಶ, ಹೊಸ ಉಚ್ಚಾರಣೆ ಬೇರೆ. ನಿಮಗಂತೂ ಮೊದಲ ವರ್ಷ ಆಫೀಸಿಗೆ ಹೋಗುವುದೇ ಒಳ್ಳೆಯದು.

ಆದರೆ ಆಫೀಸು ಅಂದಾಗ ನಿಮ್ಮ ಕಣ್ಣ ಮುಂದೆ ಬರುವುದು ನಿಮ್ಮದೇ ಮೇಜು, ಫೋಟೋ, ಗಣೇಶನ ಸಣ್ಣ ವಿಗ್ರಹ ಅಲ್ವಾ? ಅದನ್ನು ಮರೆತುಬಿಡಿ. 2024ರ ಬಜೆಟ್‌ನಲ್ಲಿ ಸರ್ಕಾರ ತನ್ನ ಆಫೀಸು ಜಾಗವನ್ನು ಹತ್ತು ವರ್ಷದಲ್ಲಿ ಅರ್ಧಕ್ಕೆ ಇಳಿಸುತ್ತೇನೆ ಅಂತ ಹೇಳಿದೆ. ಒಂದು ಕಡೆ ಜಾಗ ಮಾರುವುದು, ಇನ್ನೊಂದು ಕಡೆ ಜನರನ್ನು ಕರೆಯುವುದು! ನಮ್ಮಲ್ಲಿ ಮೇಜನ್ನು ಮೊದಲೇ ಬುಕ್ ಮಾಡಬೇಕು. ಕಿಟಕಿ ಪಕ್ಕದ್ದು ಮೊದಲು ಹೋಗುತ್ತದೆ, ಅಡುಗೆಕೋಣೆ ಬಾಗಿಲ ಎದುರಿನದು ಕೊನೆಗೆ ಉಳಿಯುತ್ತದೆ. ಬೆಳಗ್ಗೆ ಬಂದು ಲಾಕರ್ ತೆಗೆದು, ಹಿಮದ ಬೂಟು ಒಳಗಿಟ್ಟು ಮಾಮೂಲಿ ಶೂ ಹಾಕಿಕೊಳ್ಳುವುದು. ಆಮೇಲೆ ಕೀಬೋರ್ಡು, ಮೌಸು, ಹೆಡ್‌ಸೆಟ್ಟು ಹೊತ್ತು ಆ ದಿನದ ಮೇಜಿಗೆ ಹೋಗುವುದು. ಹಿಂದಿನವರು ಏರಿಸಿಟ್ಟ ಕುರ್ಚಿ ಇಳಿಸಿಕೊಳ್ಳುವುದು. ಅಷ್ಟು ಮಾಡಿ ಲಾಗಿನ್ ಆದರೆ ಮೊದಲ ಮೀಟಿಂಗ್ ಟೀಮ್ಸ್‌ನಲ್ಲೇ, ಅಂದರೆ ವಿಡಿಯೋ ಕರೆಯಲ್ಲೇ. ಒಬ್ಬರು ಹ್ಯಾಲಿಫ್ಯಾಕ್ಸ್‌ನಲ್ಲಿ, ಇನ್ನೊಬ್ಬರು ವ್ಯಾಂಕೂವರ್‌ನಲ್ಲಿ, ಮೂರನೆಯವರು ನನ್ನ ಬೆನ್ನ ಹಿಂದಿನ ಮೇಜಿನಲ್ಲಿ. ಅವರ ದನಿ ನನಗೆ ಎರಡು ಸಲ ಕೇಳಿಸುತ್ತದೆ, ಒಮ್ಮೆ ನೇರವಾಗಿ, ಒಮ್ಮೆ ಕಿವಿಯೊಳಗೆ. ನೌಕರರಿಗೆ ಸಿಟ್ಟು ಬರುವುದು ಇಂಥ ಕಡೆ. ಆಫೀಸಿಗೆ ಬಂದದ್ದಕ್ಕಿಂತ, ಬಂದು ಇದೇ ಮಾಡಬೇಕಲ್ಲ ಅನ್ನುವುದಕ್ಕೆ.

ಇನ್ನೊಂದು ಸಣ್ಣ ವಿಷಯ. ಗೋಡೆಯ ಮೇಲೆ ಸೆಂಟ್ ಹಾಕಿಕೊಂಡು ಬರಬೇಡಿ ಅಂತ ಬೋರ್ಡ್ ಇರುತ್ತದೆ. ಅಲರ್ಜಿ ಇರುವವರಿಗಾಗಿ. ಮಲ್ಲಿಗೆ ಮುಡಿದು ಹೋಗುವ ಆಸೆ ಇದ್ದರೆ ಶನಿವಾರಕ್ಕೆ ಇಟ್ಟುಕೊಳ್ಳಿ. ಸಾರಿನ ಡಬ್ಬಿಗೆ ಯಾರೂ ಏನೂ ಅನ್ನುವುದಿಲ್ಲ, ಮೈಕ್ರೋವೇವ್ ಮುಂದೆ ಕ್ಯೂ ಮಾತ್ರ ಇರುತ್ತದೆ.

ಈಗ ಕಿಂಗ್ಸ್ಟನ್. ಒಟ್ಟಾವಾದಿಂದ ಸುಮಾರು 200 ಕಿಲೋಮೀಟರ್. ಚಿತ್ರದುರ್ಗದಲ್ಲಿ ಮನೆ ಮಾಡಿಕೊಂಡು ವಿಧಾನಸೌಧಕ್ಕೆ ವಾರಕ್ಕೆ ನಾಲ್ಕು ದಿನ ಓಡಾಡಿದ ಹಾಗೆ, ಅದೂ ಹಿಮದಲ್ಲಿ. ಆಫೀಸಿನಿಂದ 125 ಕಿಲೋಮೀಟರ್‌ಗಿಂತ ದೂರ ಇದ್ದರೆ ವಿನಾಯಿತಿ ಇದೆಯಂತೆ ಅಂತ ಬರೆದಿದ್ದೀರಿ. ಆ ಸಾಲು ನಿಯಮದಲ್ಲಿ ಇರುವುದು ನಿಜ. ಆದರೆ ತನ್ನಿಂತಾನೇ ಸಿಗುವಂಥದ್ದಲ್ಲ, ದೊಡ್ಡ ಅಧಿಕಾರಿಗಳ ಒಪ್ಪಿಗೆ ಬೇಕು. ಬೇಕಂತಲೇ ದೂರ ಮನೆ ಹಿಡಿದು ಬಂದ ಹೊಸ ನೌಕರಳಿಗೆ ಅದು ಸಿಗುತ್ತದೆ ಅಂತ ನಂಬಿ ಬಾಡಿಗೆ ಕರಾರಿಗೆ ಸಹಿ ಹಾಕಬೇಡಿ.

ಒಟ್ಟಾವಾದಲ್ಲೇ ಎಲ್ಲಿ ಅಂದರೆ, ಆಫರ್ ಪತ್ರದಲ್ಲಿರುವ ಕಟ್ಟಡದ ವಿಳಾಸ ನೋಡಿ, ಇಲಾಖೆಯ ಹೆಸರು ನೋಡಬೇಡಿ. ಒಂದೇ ಇಲಾಖೆ ನದಿಯ ಈಚೆ ಒಟ್ಟಾವಾದಲ್ಲೂ ಇರಬಹುದು, ಆಚೆ ಗಟಿನೋದಲ್ಲೂ ಇರಬಹುದು. ಗಟಿನೋ ಅಂದರೆ ಕ್ವಿಬೆಕ್ ಪ್ರಾಂತ್ಯ, ತೆರಿಗೆ ಲೆಕ್ಕವೇ ಬೇರೆ. ನಮ್ಮ ಜನ ಜಾಸ್ತಿ ಇರುವುದು ಬಾರ್‌ಹೇವನ್, ಕನಾಟಾ ಕಡೆ. ಶಿರಾ ತಾಲೂಕಿನವರಾದ ಚಂದ್ರ ಆರ್ಯ 2022ರಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ್ದು ನೆನಪಿರಬೇಕು. ಅವರು ಗೆದ್ದು ಬರುತ್ತಿದ್ದ ನೇಪಿಯನ್ ಕ್ಷೇತ್ರ ಆ ಬಾರ್‌ಹೇವನ್ ಕಡೆಯದೇ. ಈಗ ಅಲ್ಲಿಯ ಸಂಸದರು ಪ್ರಧಾನಿ ಮಾರ್ಕ್ ಕಾರ್ನಿ. ಆಫೀಸಿಗೆ ಬನ್ನಿ ಅಂದ ಸರ್ಕಾರದ ಯಜಮಾನರ ಕ್ಷೇತ್ರದಲ್ಲೇ ಬಸ್ಸಿಗೆ ಕಾಯುವ ನೌಕರರು ತುಂಬಿದ್ದಾರೆ, ಏನು ಮಾಡುವುದು!

ಆ ಕಡೆ ಮನೆಗಳು ಹೊಸದು, ಶಾಲೆ ಚೆನ್ನಾಗಿವೆ. ತೊಂದರೆ ಅಂದರೆ ರೈಲು ಅಲ್ಲಿವರೆಗೆ ಬಂದಿಲ್ಲ. ಬಸ್ಸಿನಲ್ಲಿ ಹೋಗಿ ರೈಲು ಹಿಡಿಯಬೇಕು. ಊರ ಮಧ್ಯಕ್ಕೆ ಹೋಗುವ ಮುಖ್ಯ ರೈಲು ಮಾರ್ಗ ಶುರುವಾದದ್ದು 2019ರಲ್ಲಿ. 2021ರಲ್ಲಿ ಎರಡು ಸಲ ಹಳಿ ತಪ್ಪಿತು. ಅದರ ಮೇಲೆ ಸಾರ್ವಜನಿಕ ತನಿಖೆಯೂ ಆಯಿತು. ಪರ್ಪಲ್ ಲೈನ್ ಹತ್ತಿದವರಿಗೆ ಒಟ್ಟಾವಾ ರೈಲು ನೋಡಿದರೆ ನಮ್ಮ ಮೆಟ್ರೋ ಎಷ್ಟೋ ವಾಸಿ ಅನ್ನಿಸುತ್ತದೆ. ಜನವರಿಯಲ್ಲಿ ಮೈನಸ್ 20 ಡಿಗ್ರಿಯಲ್ಲಿ ಬಾರದ ಬಸ್ಸಿಗೆ ಕಾಯುವಾಗ ಸಿಲ್ಕ್ ಬೋರ್ಡ್ ಜಾಮ್ ಮೇಲೂ ಪ್ರೀತಿ ಹುಟ್ಟುತ್ತದೆ, ಕಾರಿನೊಳಗೆ ಬೆಚ್ಚಗಾದರೂ ಇರುತ್ತಿದ್ದೆವಲ್ಲ ಅಂತ. ಮೊದಲ ವರ್ಷ ಮನೆ ಚಿಕ್ಕದಾದರೂ ಪರವಾಗಿಲ್ಲ, ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಹಿಡಿಯಿರಿ. ಊರು ಗೊತ್ತಾದ ಮೇಲೆ ಬದಲಾಯಿಸಿ.

ಮಗುವಿಗೆ ಈ ವರ್ಷ ನಾಲ್ಕು ತುಂಬುತ್ತದೆ ಅಂದಿರಿ. ಹಾಗಾದರೆ ಸೆಪ್ಟೆಂಬರ್‌ನಲ್ಲಿ ಒಂಟಾರಿಯೊ ಸರ್ಕಾರಿ ಶಾಲೆಯ ಜೂನಿಯರ್ ಕಿಂಡರ್‌ಗಾರ್ಟನ್, ಇಡೀ ದಿನ, ಉಚಿತ. ಆದರೆ ಮಧ್ಯಾಹ್ನ ಮೂರು ಮೂರೂವರೆಗೆ ಬಿಡುತ್ತಾರೆ. ನಿಮ್ಮ ಕೆಲಸ ದಿನಕ್ಕೆ ಏಳೂವರೆ ಗಂಟೆ. ಉಳಿದ ಹೊತ್ತಿಗೆ ಶಾಲೆಯ ನಂತರದ ಆರೈಕೆಗೆ ಹೆಸರು ಬರೆಸಬೇಕು, ಅದಕ್ಕೆ ಸರದಿ ಪಟ್ಟಿ ಇರುತ್ತದೆ. ವಿಳಾಸ ಖಚಿತವಾದ ದಿನವೇ ಬರೆಸಿ. ಯಜಮಾನರು ಬೆಂಗಳೂರಿನ ಕೆಲಸವನ್ನೇ ಅಲ್ಲಿಂದ ಮುಂದುವರಿಸುತ್ತಾರೆ, ಅವರು ನೋಡಿಕೊಳ್ಳುತ್ತಾರೆ ಅಂತ ಬರೆದಿದ್ದೀರಿ. ಬೆಂಗಳೂರಿನ ಬೆಳಗ್ಗೆ ಹತ್ತು ಅಂದರೆ ಒಟ್ಟಾವಾದಲ್ಲಿ ಬೇಸಿಗೆಯಲ್ಲಿ ರಾತ್ರಿ ಹನ್ನೆರಡೂವರೆ. ರಾತ್ರಿಯೆಲ್ಲ ಕೆಲಸ ಮಾಡಿದ ಮನುಷ್ಯ ಮೂರು ಗಂಟೆಗೆ ಎದ್ದು ಶಾಲೆಗೆ ಹೋಗುವುದು ಎಷ್ಟು ದಿನ ನಡೆಯುತ್ತದೆ, ನೀವೇ ಯೋಚಿಸಿ.

ಎರಡು ತಿಂಗಳು ಬನಶಂಕರಿಯಿಂದ ಕೆಲಸ? ಇಲ್ಲ. ಟೆಲಿವರ್ಕ್, ಅಂದರೆ ಆಫೀಸಿನ ಹೊರಗಿಂದ ಮಾಡುವ ಕೆಲಸ, ಕೆನಡಾದ ಒಳಗೆ ಮಾತ್ರ ಅನ್ನುವುದು ಸಾಮಾನ್ಯ ನಿಯಮ, ಹೊರಗಿನಿಂದ ಅಂದರೆ ತೀರಾ ಅಪರೂಪಕ್ಕೆ ಒಪ್ಪುತ್ತಾರೆ. ನಾನೇ ಈಗ ರಜೆ ಹಾಕಿ ಜಯನಗರದಲ್ಲಿದ್ದೇನೆ, ಆಫೀಸಿನ ಲ್ಯಾಪ್‌ಟಾಪ್ ಒಟ್ಟಾವಾದಲ್ಲೇ ಇದೆ. ಇಲ್ಲಿ ಐಟಿ ಕಂಪನಿಯ ಗೆಳೆಯರು ಮಾಡಿದ ಹಾಗೆ ಮ್ಯಾನೇಜರಿಗೆ ಒಂದು ಮಾತು ಹೇಳಿ ಊರಿಂದ ಲಾಗಿನ್ ಆಗುವುದು ಅಲ್ಲಿ ನಡೆಯಲ್ಲ, ಕೆಲಸಕ್ಕೇ ಕುತ್ತು. ಅದರ ಬದಲು ಒಂದು ಒಳ್ಳೆ ದಾರಿ ಇದೆ. ಕಾಯಂ ನೌಕರರು ವರ್ಷದಲ್ಲಿ ಐದು ವಾರದಿಂದ ಮೂರು ತಿಂಗಳವರೆಗೆ ಸಂಬಳವಿಲ್ಲದ ರಜೆ ತೆಗೆದುಕೊಂಡು, ಆ ಕಡಿತವನ್ನು ಹನ್ನೆರಡು ತಿಂಗಳಿಗೆ ಹಂಚಿಸಿಕೊಳ್ಳಬಹುದು. ರಜೆಯಲ್ಲಿದ್ದಾಗಲೂ ಕಡಿಮೆಯಾದ ಸಂಬಳ ಬರುತ್ತಲೇ ಇರುತ್ತದೆ. ಮಾಮೂಲಿ ರಜೆ ಶುರುವಿಗೆ ವರ್ಷಕ್ಕೆ ಮೂರು ವಾರ, ಅದು ಬೇರೆ. ಅಪ್ಪ ಅಮ್ಮನ ಜೊತೆ ಇರುವುದಕ್ಕೆ ನನಗಂತೂ ಇದೇ ಸರಿ ಅನ್ನಿಸಿದೆ. ಮೀಟಿಂಗ್ ನಡುವೆ ಅಮ್ಮನ ಜೊತೆ ಮಾತಾಡುವುದು ಮಾತಾಡಿದ ಹಾಗೇ ಅಲ್ಲ.

ಕಾಯಂ ಅಂದೆನಲ್ಲ, ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಚಿಂತೆ ಹುಟ್ಟಿಸಿದ್ದು ಅದೇ. ನಾಲ್ಕು ದಿನವಾ ಐದು ದಿನವಾ ಅಂತ ನಾಲ್ಕು ಸಲ ಕೇಳಿದ್ದೀರಿ. ಕೆಲಸ ಕಾಯಮ್ಮೋ ಅವಧಿಯದ್ದೋ ಅಂತ ಎಲ್ಲೂ ಬರೆದಿಲ್ಲ. 2025ರ ನವೆಂಬರ್ ಬಜೆಟ್ ಪ್ರಕಾರ ಕೇಂದ್ರ ನೌಕರರ ಸಂಖ್ಯೆಯನ್ನು ಸುಮಾರು 3,68,000ದಿಂದ 2028-29ರ ಹೊತ್ತಿಗೆ 3,30,000ದ ಹತ್ತಿರಕ್ಕೆ ಇಳಿಸಬೇಕು. ಇಂಥ ಕಾಲದಲ್ಲಿ ಅವಧಿಯ ನೌಕರರಿಗೆ ಮೊದಲು ಕುತ್ತು. ಅವಧಿ ಮುಗಿದಾಗ ನವೀಕರಣ ಮಾಡದಿದ್ದರೆ ಸಾಕು, ಯಾರನ್ನೂ ತೆಗೆದ ಹಾಗೆ ಕಾಣುವುದೇ ಇಲ್ಲ. ಅವಧಿ ಒಂದೇ ವರ್ಷದ್ದಾದರೆ ಯಜಮಾನರು ಇಲ್ಲಿಯ ಕೆಲಸ ಬಿಡಬಾರದು, ನೀವು ಇಲ್ಲಿಯ ಮನೆ ಖಾಲಿ ಮಾಡಬಾರದು.

ಸಹಿ ಹಾಕುವ ಮೊದಲು ಮ್ಯಾನೇಜರಿಗೆ ಮೇಲ್ ಮಾಡಿ. ಕಟ್ಟಡದ ಪೂರ್ತಿ ವಿಳಾಸ ಏನು, ಅವಧಿಯದ್ದಾದರೆ ಕೊನೆಯ ದಿನ ಯಾವುದು, ಎರಡು ವಾರಕ್ಕೊಂದು ಶುಕ್ರವಾರ ರಜೆ ಬರುವ ಹಾಗೆ ಗಂಟೆ ಹೊಂದಿಸಿಕೊಳ್ಳಲು ತಂಡದಲ್ಲಿ ಬಿಡುತ್ತಾರಾ ಅಂತ ಕೇಳಿ. ಫೋನಿನಲ್ಲಿ ಹೇಳಿದ ಉತ್ತರವನ್ನೂ ಮೇಲ್‌ನಲ್ಲಿ ಬರೆಸಿಕೊಳ್ಳಿ. ವಿಳಾಸ ಬಂದ ತಕ್ಷಣ ನನಗೆ ಕಳಿಸಿ, ಯಾವ ನಿಲ್ದಾಣದ ಹತ್ತಿರ ಹುಡುಕಬೇಕು ಅಂತ ಹೇಳುತ್ತೇನೆ. ತಿಂಗಳ ಕೊನೆವರೆಗೆ ಇಲ್ಲೇ ಇದ್ದೇನೆ. ಯಜಮಾನರನ್ನೂ ಕರೆದುಕೊಂಡು ಬನ್ನಿ, ಅವರ ರಾತ್ರಿ ಪಾಳಿಯ ವಿಷಯ ಎದುರಿಗೇ ಮಾತಾಡಬೇಕು.