ಬ್ರಾಂಡ್ ನ್ಯೂ ಹೆವೀಸ್ ತಂಡ ಏನಾಯಿತು? ಅಷ್ಟೊಂದು ಗಾಯಕಿಯರು ಬದಲಾದದ್ದೇಕೆ?

ತಂಡ ಈಗಲೂ ಇದೆ, ಆದರೆ ಹಳೆಯ ರೂಪದಲ್ಲಿ ಅಲ್ಲ. ಪಶ್ಚಿಮ ಲಂಡನ್ನಿನ ಈಲಿಂಗ್‌ನಲ್ಲಿ 1985ರಲ್ಲಿ ಶುರುವಾದಾಗ ಇದು ಮುಖ್ಯವಾಗಿ ಫಂಕ್ (ಬೇಸ್, ಡ್ರಮ್ಸ್‌ಗಳ ಲಯವೇ ಮುಂದಿರುವ ಕುಣಿತದ ಸಂಗೀತ) ನುಡಿಸುವ ವಾದ್ಯಗಾರರ ತಂಡ: ಡ್ರಮ್ಸ್‌ಗೆ ಯಾನ್ ಕಿಂಕೇಡ್, ಗಿಟಾರಿಗೆ ಸೈಮನ್ ಬಾರ್ತಲೋಮಿಯು, ಬೇಸ್‌ಗೆ ಆಂಡ್ರ್ಯೂ ಲೆವಿ. ತಂಡದ ಬುಡ ಇವರೇ. ಹಾಡುವವರು ಬಂದರು, ಹೋದರು.

ಮೊದಲ ಆಲ್ಬಮ್ ಬಂದದ್ದು 1990ರಲ್ಲಿ, ಆಸಿಡ್ ಜಾಝ್ ರೆಕಾರ್ಡ್ಸ್ ಎಂಬ ಕಂಪನಿಯಿಂದ. ಆಮೇಲೆ ಅಮೆರಿಕದ ಡಿಲಿಶಿಯಸ್ ವೈನಲ್ ಎಂಬ ರೆಕಾರ್ಡ್ ಕಂಪನಿಯ ಮೂಲಕ ಗಾಯಕಿ ಎನ್‌ಡಿಯಾ ಡೇವನ್‌ಪೋರ್ಟ್ ಸೇರಿಕೊಂಡರು. ಅವರ ದನಿಯಲ್ಲಿ 'ನೆವರ್ ಸ್ಟಾಪ್' ಅಮೆರಿಕದಲ್ಲೂ ಗೆದ್ದಿತು.

ನನ್ನನ್ನು ಕೇಳಿದರೆ ಇವರ ನಿಜವಾದ ಎದೆಗಾರಿಕೆ ಕಾಣುವುದು 1992ರ 'ಹೆವಿ ರೈಮ್ ಎಕ್ಸ್‌ಪೀರಿಯನ್ಸ್' ಆಲ್ಬಮ್ಮಿನಲ್ಲಿ. ಆಗ ಹಿಪ್‌ಹಾಪ್ ಎಂದರೆ ಹೆಚ್ಚಾಗಿ ಹಳೆಯ ರೆಕಾರ್ಡುಗಳ ತುಣುಕುಗಳನ್ನು ಜೋಡಿಸಿ ಕಟ್ಟುವ ಸಂಗೀತ. ಇವರು ಆ ತುಣುಕುಗಳ ಗೊಡವೆಗೇ ಹೋಗದೆ ತಾವೇ ಫಂಕ್ ನುಡಿಸಿ, ಅದರ ಮೇಲೆ ಗ್ಯಾಂಗ್ ಸ್ಟಾರ್, ಮೇನ್ ಸೋರ್ಸ್, ಫಾರ್‌ಸೈಡ್‌ನಂಥ ಹಿಪ್‌ಹಾಪ್ ತಂಡಗಳಿಂದ ರ‍್ಯಾಪ್ ಮಾಡಿಸಿದರು. ಹೆಡ್‌ಫೋನ್ ಹಾಕಿಕೊಂಡು ಲೆವಿಯ ಬೇಸನ್ನಷ್ಟೇ ಹಿಂಬಾಲಿಸಿ ನೋಡಿ, ಮಾತಿಗೆ ಜಾಗ ಬಿಟ್ಟು ನುಡಿಸುವುದು ಹೇಗೆಂದು ತಿಳಿಯುತ್ತದೆ.

1994ರ 'ಬ್ರದರ್ ಸಿಸ್ಟರ್' ಬ್ರಿಟನ್ನಿನಲ್ಲಿ ದೊಡ್ಡ ಯಶಸ್ಸು ಕಂಡಿತು. ಅದಾದ ಮೇಲೆ ಡೇವನ್‌ಪೋರ್ಟ್ ಹೊರನಡೆದರು. 1997ರ 'ಶೆಲ್ಟರ್'ಗೆ ಹಾಡಿದವರು ಸೈಡಾ ಗ್ಯಾರೆಟ್, ಮೈಕಲ್ ಜಾಕ್ಸನ್ ಜೊತೆ ಯುಗಳಗೀತೆ ಹಾಡಿದವರು. ಆಲ್ಬಮ್ ನಯವಾಗಿದೆ, ಸ್ವಲ್ಪ ಜಾಸ್ತಿಯೇ ನಯ. 2006ರಲ್ಲಿ ಡೇವನ್‌ಪೋರ್ಟ್ ಮರಳಿದರೂ ಕಾಯಂ ಆಗಿ ಉಳಿಯಲಿಲ್ಲ. ಮುಂದೆ ಕಿಂಕೇಡ್ ಕೂಡ ಬಿಟ್ಟರು. 2019ರ ಆಲ್ಬಮ್ ಮತ್ತೆ ಆಸಿಡ್ ಜಾಝ್ ರೆಕಾರ್ಡ್ಸ್‌ನಿಂದಲೇ ಹೊರಬಂತು.