2147483647 ಬರೀ ಕಂಪ್ಯೂಟರಿನ ಮಿತಿಯೇ, ಗಣಿತದಲ್ಲೂ ಅದಕ್ಕೆ ಮಹತ್ವವಿದೆಯೇ?

ನಿಮ್ಮ ಡೇಟಾಬೇಸಿನ ಐಡಿ ಕಾಲಂ 2147483647ಕ್ಕೆ ಬಂದು ನಿಂತುಬಿಟ್ಟಿತು, ಈ ಸಂಖ್ಯೆಯಲ್ಲಿ ಅಂಥದ್ದೇನಿದೆ ಎಂದು ಕೇಳಿದ್ದೀರಿ. ನಾನು ನವಿ ಮುಂಬೈಯ ಐರೋಳಿಯಲ್ಲಿ ಇದೇ ಬಗೆಯ ಕೆಲಸದಲ್ಲಿದ್ದೇನೆ, ಭಾನುವಾರ ಡೊಂಬಿವಲಿಯಲ್ಲಿ ನಮ್ಮ ಕನ್ನಡದ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಈ ಸಂಖ್ಯೆ ನನಗೆ ಎರಡೂ ಕಡೆ ಎದುರಾಗುತ್ತದೆ.

ಕಂಪ್ಯೂಟರಿನ ಮಾತು ಚಿಕ್ಕದು. ನಿಮ್ಮ ಕಾಲಂ ಪ್ರತಿ ಸಂಖ್ಯೆಯನ್ನು 32 ಬಿಟ್‌ಗಳಲ್ಲಿ, ಅಂದರೆ 0 ಅಥವಾ 1 ಹಿಡಿಯುವ 32 ಸ್ಥಾನಗಳಲ್ಲಿ ಇಡುತ್ತದೆ. ಅದರಲ್ಲಿ ಒಂದು ಧನ-ಋಣ ಚಿಹ್ನೆಗೆ ಹೋಗಿ ಉಳಿಯುವುದು 31. ಅಷ್ಟೂ 1 ಆದರೆ 2³¹ − 1, ಅಂದರೆ 214 ಕೋಟಿ 74 ಲಕ್ಷ 83 ಸಾವಿರದ 647. ಕಾಲಂ ಅನ್ನು 64 ಬಿಟ್‌ಗೆ ಬದಲಿಸಿ, ಸರಿಹೋಗುತ್ತದೆ. 1970ರಿಂದ ಸೆಕೆಂಡು ಎಣಿಸುವ ಹಳೆಯ 32 ಬಿಟ್ ವ್ಯವಸ್ಥೆಗಳಿಗೂ ಇದೇ ಗಡಿ. ಅದು ಮುಗಿಯುವುದು ನಮ್ಮ ಗಡಿಯಾರದಲ್ಲಿ 2038ರ ಜನವರಿ 19, ಮಂಗಳವಾರ ಬೆಳಿಗ್ಗೆ 8:44:07ಕ್ಕೆ. ಮುಂಬೈಯ ಲೋಕಲ್‌ಗಳಲ್ಲಿ ಕಾಲಿಡಲೂ ಜಾಗವಿಲ್ಲದ ಹೊತ್ತು.

ಗಣಿತದಲ್ಲಿ ಇದು ಅವಿಭಾಜ್ಯ ಸಂಖ್ಯೆ. 3, 7, 31, 127, 8191, 131071, 524287 ಆದ ಮೇಲೆ ಬರುವ ಎಂಟನೆಯ ಮರ್ಸೆನ್ ಅವಿಭಾಜ್ಯ, ಅಂದರೆ 2ರ ಒಂದು ಘಾತದಿಂದ 1 ಕಳೆದರೆ ಸಿಗುವ ಅವಿಭಾಜ್ಯ. ಇದನ್ನು ಸಾಧಿಸಿದವರು ಸ್ವಿಸ್ ಗಣಿತಜ್ಞ ಆಯ್ಲರ್, 1772ರಲ್ಲಿ ಇನ್ನೊಬ್ಬ ಗಣಿತಜ್ಞ ಬರ್ನೂಲಿಗೆ ಬರೆದ ಪತ್ರದಲ್ಲಿ ತಿಳಿಸಿದರು. ಆ ಹೊತ್ತಿಗೆ ಅವರ ದೃಷ್ಟಿ ಬಹುಪಾಲು ಹೋಗಿತ್ತು. ಅವರ ದಾರಿ ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಇದರ ವರ್ಗಮೂಲ ಸುಮಾರು 46,340. ಅಲ್ಲಿಯವರೆಗಿನ ಅವಿಭಾಜ್ಯಗಳೇ ಹತ್ತಿರ ಹತ್ತಿರ 4,800 ಇವೆ, ಒಂದೊಂದರಿಂದಲೂ ಭಾಗಿಸುತ್ತ ಕೂರಬೇಕು. ಆಯ್ಲರ್ ಹಾಗೆ ಮಾಡಲಿಲ್ಲ. p ಎಂಬ ಅವಿಭಾಜ್ಯ ಇದನ್ನು ಭಾಗಿಸುವುದಾದರೆ 2ರ ಘಾತಗಳನ್ನು p ಇಂದ ಭಾಗಿಸಿದಾಗ ಬರುವ ಶೇಷಗಳು 31 ಹೆಜ್ಜೆಗೊಮ್ಮೆ ಮರುಕಳಿಸುತ್ತವೆ. 2ರ p − 1ನೆಯ ಘಾತವನ್ನು p ಇಂದ ಭಾಗಿಸಿದರೆ 1 ಉಳಿಯುತ್ತದೆ ಎನ್ನುವ ಫರ್ಮಾನ ಪ್ರಮೇಯದಂತೆ ಆ 31, p − 1 ಅನ್ನು ಭಾಗಿಸಲೇಬೇಕು. p ಬೆಸ ಸಂಖ್ಯೆ, ಹಾಗಾಗಿ ಅದು 62k + 1 ರೂಪದಲ್ಲೇ ಇರಬೇಕು. ಇನ್ನೊಂದು ಕಟ್ಟೂ ಇದೆ: 2³² ಅನ್ನು p ಇಂದ ಭಾಗಿಸಿದರೆ ಶೇಷ 2. ಆದರೆ 2³² ಎಂದರೆ 2¹⁶ರ ವರ್ಗ. ಒಂದು ವರ್ಗವನ್ನು p ಇಂದ ಭಾಗಿಸಿ 2 ಶೇಷ ಬರಬೇಕಾದರೆ, p ಅನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. ಎರಡನ್ನೂ ಕೂಡಿಸಿದರೆ 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವ ಸಂಖ್ಯೆಗಳಷ್ಟೇ ಕಣದಲ್ಲಿರುತ್ತವೆ. 63 ಸ್ವತಃ ಅವಿಭಾಜ್ಯವಲ್ಲ, ಅದನ್ನು ಬಿಟ್ಟರೆ 46,340ರೊಳಗೆ ಒಟ್ಟು 372. ಕಾಗದದ ಮೇಲೆ ಮುಗಿಸಬಹುದಾದ ಲೆಕ್ಕ.

2147483647 ಅನ್ನು 2³⁰ರಿಂದ ಗುಣಿಸಿದರೆ ಪರಿಪೂರ್ಣ ಸಂಖ್ಯೆ, ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆ ಬರುತ್ತದೆ: 2305843008139952128. ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಎಂದಿಗೂ ಸಿಗಲಾರದೆಂದು ಇಂಗ್ಲಿಷ್ ಗಣಿತಜ್ಞ ಪೀಟರ್ ಬಾರ್ಲೋ 1811ರಲ್ಲಿ ಬರೆದಿದ್ದರು. 1876ರಲ್ಲಿ ಫ್ರೆಂಚ್ ಗಣಿತಜ್ಞ ಲ್ಯೂಕಾ 2¹²⁷ − 1 ಅವಿಭಾಜ್ಯವೆಂದು ತೋರಿಸಿದಾಗ ಆ ಮಾತು ಬಿದ್ದುಹೋಯಿತು.

ಆಯ್ಲರ್ ಉಪಾಯವನ್ನು ಕೈಯಾರೆ ಮಾಡಿ ನೋಡಬೇಕೆಂದರೆ 2¹¹ − 1, ಅಂದರೆ 2047 ಹಿಡಿಯಿರಿ. 11 ಅವಿಭಾಜ್ಯ, ಆದರೆ 2047 ಅಲ್ಲ. ಅದರ ಭಾಜಕಗಳು 22k + 1 ರೂಪದಲ್ಲಿರಬೇಕು. ಮೊದಲ ಪ್ರಯತ್ನಕ್ಕೇ 23 ಸಿಗುತ್ತದೆ, ಜೊತೆಗೆ 89.