ದೊಡ್ಡ ಬ್ಯಾಂಕಿನ ವರ್ಚುವಲ್ ಇಂಟರ್ನ್‌ಶಿಪ್ ಮಾಡಿದರೆ ನಿಜಕ್ಕೂ ಉಪಯೋಗ ಇದೆಯಾ?

ನೀವು ಎಂಜಿನಿಯರಿಂಗ್ ಆರನೇ ಸೆಮಿಸ್ಟರ್‌ನಲ್ಲಿದ್ದೀರಿ. ಅಮೆರಿಕದ ದೊಡ್ಡ ಬ್ಯಾಂಕ್ ಜೆಪಿ ಮಾರ್ಗನ್ ಹೆಸರಿನ ವರ್ಚುವಲ್ ಇಂಟರ್ನ್‌ಶಿಪ್ ಮಾಡಿದರೆ ಕೆಲಸ ಸಿಗುತ್ತಾ, ರೆಸ್ಯೂಮೆಯಲ್ಲಿ ಹಾಕಬಹುದಾ, ಅಥವಾ ಸುಮ್ನೆ ಟೈಮ್ ವೇಸ್ಟಾ ಅಂತ ಕೇಳಿದ್ದೀರಿ. ನಾನು ಅದನ್ನು 2020ರ ಮಳೆಗಾಲದಲ್ಲಿ ಮಾಡಿದ್ದೆ. ಮೊದಲು ತಪ್ಪಾಗಿ ಬಳಸಿಕೊಂಡೆ, ಆಮೇಲೆ ಸರಿಯಾಗಿ ಬಳಸಿಕೊಂಡೆ. ಎರಡನ್ನೂ ಹೇಳುತ್ತೇನೆ.

ಮೊದಲಿಗೆ, ಅದು ಬ್ಯಾಂಕಿನ ನೌಕರಿ ಅಲ್ಲ. ಫೋರೇಜ್ ಅಂತ ಒಂದು ತಾಣ ಇದೆ. ಅದರ ಹಳೆಯ ಹೆಸರು ಇನ್‌ಸೈಡ್‌ಶೆರ್ಪಾ, ಶುರುವಾಗಿದ್ದು ಆಸ್ಟ್ರೇಲಿಯಾದಲ್ಲಿ. ಬ್ಯಾಂಕುಗಳು ತಮ್ಮಲ್ಲಿ ನಡೆಯುವಂಥ ಕೆಲಸದ ಒಂದು ಚಿಕ್ಕ ಮಾದರಿಯನ್ನು ಅಲ್ಲಿ ಇಟ್ಟಿರುತ್ತವೆ. ಯಾರು ಬೇಕಾದರೂ ಸೇರಬಹುದು. ಇಂಟರ್ವ್ಯೂ ಇಲ್ಲ, ಸ್ಟೈಪೆಂಡ್ ಇಲ್ಲ, ಫೀಸೂ ಇಲ್ಲ. ನೀವು ಮಾಡಿದ್ದನ್ನು ಅಪ್‌ಲೋಡ್ ಮಾಡಿದರೆ ಮಾದರಿ ಉತ್ತರ ತೋರಿಸುತ್ತದೆ, ಅಷ್ಟೇ. ನಿಮ್ಮ ಕೋಡನ್ನು ಕೂತು ಓದುವವರು ಯಾರೂ ಇರುವುದಿಲ್ಲ. ಈಗ ಫೋರೇಜ್‌ನವರೇ ಇದನ್ನು ಜಾಬ್ ಸಿಮ್ಯುಲೇಶನ್ ಅಂತ ಕರೆಯುತ್ತಾರೆ. ಆ ಹೆಸರೇ ಸರಿ. 2020ರಲ್ಲಿ ಗೊಂದಲ ಜಾಸ್ತಿ ಆಗಿದ್ದಕ್ಕೆ ಕಾರಣವೂ ಇತ್ತು. ಕೋವಿಡ್‌ನಿಂದಾಗಿ ಆ ವರ್ಷ ದೊಡ್ಡ ಬ್ಯಾಂಕುಗಳ ನಿಜವಾದ ಇಂಟರ್ನ್‌ಗಳೂ ಮನೆಯಿಂದಲೇ ಕೆಲಸ ಮಾಡಿದರು. ಅದೂ ವರ್ಚುವಲ್ ಇಂಟರ್ನ್‌ಶಿಪ್, ಇದೂ ವರ್ಚುವಲ್ ಇಂಟರ್ನ್‌ಶಿಪ್ ಅಂತಾಯಿತು.

ಲಾಕ್‌ಡೌನ್ ಶುರುವಾದ ಮೇಲೆ ನಾನು ಬೆಂಗಳೂರಿನ ಹಾಸ್ಟೆಲ್ ಬಿಟ್ಟು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿದ್ದೆ. ಮನೆಯೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ತೋಟ ದಾಟಿ ಹಿಂದಿನ ಗುಡ್ಡ ಹತ್ತಿದರೆ ಎರಡು ಕಡ್ಡಿ ಬರುತ್ತಿತ್ತು. ದಿನಕ್ಕೆ ಒಂದೂವರೆ ಜಿಬಿ ಡೇಟಾ. ಜೂನ್ ತಿಂಗಳ ಮಳೆ ಹೇಗಿರುತ್ತೆ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೋಗಿ, ಛತ್ರಿ ಕೆಳಗೆ ಕೂತು ಬೇಕಾದದ್ದನ್ನೆಲ್ಲ ಇಳಿಸಿಕೊಂಡು, ಮನೆಗೆ ಬಂದು ಕೆಲಸ ಮಾಡುತ್ತಿದ್ದೆ. ಐದಾರು ಗಂಟೆಯಲ್ಲಿ ಮುಗಿಯುತ್ತದೆ ಅಂತ ತಾಣದಲ್ಲಿ ಹಾಕಿದ್ದರು. ನನಗೆ ಹನ್ನೊಂದು ದಿನ ಹಿಡಿಯಿತು.

ಅದರಲ್ಲಿ ನಾಲ್ಕು ದಿನ ಹೋಗಿದ್ದು ಕೋಡ್ ಬರೆಯುವುದಕ್ಕಲ್ಲ, ಅವರು ಕೊಟ್ಟ ಕೋಡನ್ನು ಓಡಿಸುವುದಕ್ಕೆ. ನಾನು ಹೊಸ ಆವೃತ್ತಿಯ ನೋಡ್ (ಜಾವಾಸ್ಕ್ರಿಪ್ಟ್ ಕೋಡ್ ಓಡಿಸುವ ತಂತ್ರಾಂಶ) ಹಾಕಿಕೊಂಡಿದ್ದೆ, ಅವರ ಪ್ಯಾಕೇಜುಗಳು ಹಳೆಯವು. ಆ ಪ್ಯಾಕೇಜುಗಳನ್ನು ಇಳಿಸಿಕೊಳ್ಳಲು ಎನ್‌ಪಿಎಂ ಇನ್‌ಸ್ಟಾಲ್ ಅಂತ ಕೊಟ್ಟರೆ ಪರದೆ ತುಂಬ ಕೆಂಪು ಸಾಲುಗಳು. ನಾನು ಕೊನೆಯ ಸಾಲು ಮಾತ್ರ ಓದಿ ತಲೆ ಕೆಡಿಸಿಕೊಳ್ಳುತ್ತಿದ್ದೆ. ಮೂರನೇ ದಿನ ಮೇಲಿನಿಂದ ಒಂದೊಂದೇ ಸಾಲು ಓದಿದೆ. ನಿಜವಾದ ಕಾರಣ ಮೊದಲ ಎರರ್‌ನಲ್ಲೇ ಇತ್ತು, ಉಳಿದದ್ದೆಲ್ಲ ಅದರ ಬಾಲ. ನೋಡ್ ತೆಗೆದು ಹಳೆಯದನ್ನು ಹಾಕಿದೆ, ಓಡಿತು. ಕಾಲೇಜಿನ ಲ್ಯಾಬ್‌ನಲ್ಲಿ ಎಲ್ಲವೂ ಮೊದಲೇ ಇನ್‌ಸ್ಟಾಲ್ ಆಗಿರುತ್ತೆ ಅಲ್ವಾ? ಬೇರೆಯವರು ಬರೆದ ಕೋಡನ್ನು ನಮ್ಮ ಮಷೀನಿನಲ್ಲಿ ಎಬ್ಬಿಸಿ ನಿಲ್ಲಿಸುವ ಕೆಲಸ ನನಗೆ ಅಲ್ಲಿಯವರೆಗೆ ಬಿದ್ದೇ ಇರಲಿಲ್ಲ. ಈಗ ನೌಕರಿಯಲ್ಲಿ ಪ್ರತಿ ತಿಂಗಳೂ ಬೀಳುತ್ತೆ.

ಕೆಲಸ ಇಷ್ಟು. ಎಬಿಸಿ, ಡಿಇಎಫ್ ಅಂತ ಎರಡು ಕಾಲ್ಪನಿಕ ಷೇರುಗಳು. ಒಂದು ಸರ್ವರ್ ಅವುಗಳ ಬೆಲೆ ಕಳಿಸುತ್ತಾ ಇರುತ್ತದೆ. ಪ್ರತಿ ಷೇರಿಗೂ ಎರಡು ಬೆಲೆ: ಕೊಳ್ಳುವವನು ಕೊಡಲು ಒಪ್ಪುವುದು ಬಿಡ್, ಮಾರುವವನು ಕೇಳುವುದು ಆಸ್ಕ್. ಎರಡರ ಸರಾಸರಿಯನ್ನು ಷೇರಿನ ಬೆಲೆ ಅಂತ ತೆಗೆದುಕೊಂಡು, ಒಂದರ ಬೆಲೆಯನ್ನು ಇನ್ನೊಂದರಿಂದ ಭಾಗಿಸಿ ಅನುಪಾತ ಕಂಡುಹಿಡಿಯಬೇಕು. ಅವರು ಕೊಟ್ಟಿದ್ದ ಪೈಥಾನ್ ಕೋಡ್ ಬಿಡ್ ಬೆಲೆಯನ್ನೇ ಷೇರಿನ ಬೆಲೆ ಅಂತ ತೋರಿಸುತ್ತಿತ್ತು, ಅನುಪಾತದ ಫಂಕ್ಷನ್ ಬರೀ 1 ಅಂತ ವಾಪಸ್ ಕೊಡುತ್ತಿತ್ತು. ಓಡಿಸಿದರೆ ಕಪ್ಪು ಪರದೆಯಲ್ಲಿ ‘ರೇಷಿಯೋ 1, ರೇಷಿಯೋ 1, ರೇಷಿಯೋ 1’ ಅಂತ ಸಾಲುಸಾಲಾಗಿ ಇಳಿಯುತ್ತಿತ್ತು. ನಾನು ಮೂರು ನಾಲ್ಕು ಸಾಲು ತಿದ್ದಿ ಮತ್ತೆ ಓಡಿಸಿದಾಗ ಆ ಒಂದು ಒಂದಾಗಿ ಉಳಿಯದೆ 0.99, 1.02 ಅಂತ ಅಲುಗಾಡತೊಡಗಿತು. ಆಗ ಆದ ಖುಷಿ ಈಗಲೂ ನೆನಪಿದೆ.

ಅಪ್ಪಯ್ಯ ಪಕ್ಕದಲ್ಲೇ ಕೂತು ಕವಳ ಹಾಕುತ್ತಿದ್ದರು. ‘ಎಂತ ಅದು, ಧಾರಣೆಯಾ?’ ಅಂತ ಕೇಳಿದರು. ಹೌದು, ಎರಡು ಷೇರಿನ ಧಾರಣೆ, ಎರಡೂ ಸಾಮಾನ್ಯವಾಗಿ ಜೊತೆಯಲ್ಲೇ ಏರಿ ಇಳಿಯುತ್ತವೆ, ಒಂದು ಏರಿ ಇನ್ನೊಂದು ಅಲ್ಲೇ ನಿಂತರೆ ಗೊತ್ತಾಗಬೇಕು ಅಂತ ಹೇಳಿದೆ. ‘ರಾಶಿ, ಬೆಟ್ಟೆ ಇದ್ದ ಹಾಗೆ’ ಅಂದರು.

ಅದೇ ಹೊತ್ತಿಗೆ ನನಗೆ ಪೂರ್ತಿ ಅರ್ಥವಾಯಿತು. ನಮ್ಮ ಕಡೆ ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಬೇರೆ ಬೇರೆ ಬಗೆ, ಒಂದೊಂದಕ್ಕೆ ಒಂದೊಂದು ಧಾರಣೆ. ಅಪ್ಪಯ್ಯ ದಿನಾ ಪೇಪರ್ ನೋಡಿ ಗೋಡೆಯ ಕ್ಯಾಲೆಂಡರಿನ ಆಯಾ ಚೌಕದಲ್ಲಿ ರಾಶಿ ಮತ್ತು ಬೆಟ್ಟೆಯ ಬೆಲೆಯನ್ನು ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು. ಎರಡರ ನಡುವಿನ ಅಂತರ ನೋಡಿ ಯಾವುದನ್ನು ಈಗ ಮಂಡಿಗೆ ಹಾಕುವುದು, ಯಾವುದನ್ನು ತಡೆಯುವುದು ಅಂತ ತೀರ್ಮಾನ ಮಾಡುತ್ತಿದ್ದರು. ಬ್ಯಾಂಕಿನ ಟ್ರೇಡರ್ ನೋಡುವುದೂ ಅದನ್ನೇ. ಅನುಪಾತ ತನ್ನ ಹಳೆಯ ಸರಾಸರಿಯಿಂದ ತುಂಬಾ ದೂರ ಹೋದರೆ ಅಗ್ಗವಾದದ್ದನ್ನು ಕೊಳ್ಳುತ್ತಾನೆ, ದುಬಾರಿಯಾದದ್ದನ್ನು ಮಾರುತ್ತಾನೆ. ಮತ್ತೆ ಹತ್ತಿರ ಬರುತ್ತವೆ ಅನ್ನುವ ಲೆಕ್ಕ.

ಮುಂದಿನ ಎರಡು ಭಾಗ ಅದನ್ನು ಗ್ರಾಫಿನಲ್ಲಿ ತೋರಿಸುವುದು. ವೆಬ್ ಪುಟ ಕಟ್ಟಲು ಬಳಸುವ ರಿಯಾಕ್ಟ್, ಟೈಪ್‌ಸ್ಕ್ರಿಪ್ಟ್, ಜೊತೆಗೆ ಜೆಪಿ ಮಾರ್ಗನ್‌ನವರೇ ಮಾಡಿ ಓಪನ್ ಸೋರ್ಸ್ ಆಗಿ ಬಿಟ್ಟಿರುವ ಪರ್ಸ್ಪೆಕ್ಟಿವ್ ಅನ್ನುವ ಸಾಧನ. ನೂರು ಮಿಲಿಸೆಕೆಂಡಿಗೊಮ್ಮೆ ಬೆಲೆ ತರಿಸಿ ಗೆರೆ ಎಳೆಯಬೇಕು. ಮೇಲೊಂದು ಮಿತಿ, ಕೆಳಗೊಂದು ಮಿತಿ. ಅನುಪಾತ ಯಾವುದನ್ನು ದಾಟಿದರೂ ಎಚ್ಚರಿಕೆ ಕಾಣಬೇಕು. ಆಮೇಲೆ ಗಿಟ್‌ನಲ್ಲಿ ಪ್ಯಾಚ್ ಫೈಲ್ (ತಿದ್ದಿದ ಸಾಲುಗಳ ಕಡತ) ಮಾಡಿ ಅಪ್‌ಲೋಡ್. ಸರ್ಟಿಫಿಕೇಟ್ ಬಂತು.

ಇನ್ನು ನಾನು ಮಾಡಿದ ತಪ್ಪು. ಸೀನಿಯರ್‌ಗಳ ರೆಸ್ಯೂಮೆ ನೋಡಿ ನಾನೂ ಕೆಲಸದ ಅನುಭವ ಅನ್ನುವ ಕಡೆ ‘ಇಂಟರ್ನ್, ಜೆಪಿ ಮಾರ್ಗನ್’ ಅಂತ ಬರೆದೆ. ಒಂದು ಕಂಪನಿಯ ಇಂಟರ್ವ್ಯೂನಲ್ಲಿ ಮೊದಲ ಪ್ರಶ್ನೆಯೇ ಅದರ ಮೇಲೆ ಬಂತು. ಯಾವ ಟೀಮು, ರಿಪೋರ್ಟಿಂಗ್ ಮ್ಯಾನೇಜರ್ ಯಾರು, ಎಷ್ಟು ತಿಂಗಳು ಅಂತ ಕೇಳಿದರು. ಆನ್‌ಲೈನ್ ಪ್ರೋಗ್ರಾಂ ಅಂತ ಹೇಳಿದೆ. ‘ಹಾಗಾದರೆ ಇಲ್ಲಿ ಇಂಟರ್ನ್ ಅಂತ ಯಾಕಿದೆ?’ ಅಂದರು. ಅವರ ದನಿಯಲ್ಲಿ ಕೋಪ ಇರಲಿಲ್ಲ, ಆದರೆ ಆಮೇಲೆ ನಾನು ಹೇಳಿದ ಯಾವುದನ್ನೂ ಅವರು ನಂಬಿದ ಹಾಗೆ ಕಾಣಲಿಲ್ಲ. ಹತ್ತು ನಿಮಿಷಕ್ಕೆ ಮುಗಿಯಿತು. ಹನ್ನೊಂದು ದಿನ ನಿಜವಾಗಿ ದುಡಿದಿದ್ದೆ, ಒಂದು ಪದದಿಂದ ಅಷ್ಟೂ ಸುಳ್ಳಿನ ಹಾಗೆ ಕಂಡಿತಲ್ಲ ಅಂತ ತುಂಬಾ ಬೇಜಾರಾಯಿತು.

ಆಮೇಲಿನ ವಾರ ಇನ್ನೊಂದು ಕೆಲಸ ಮಾಡಿದೆ. ಅಪ್ಪಯ್ಯನ ಕ್ಯಾಲೆಂಡರ್ ಇಳಿಸಿಕೊಂಡು ಜನವರಿಯಿಂದ ಇದ್ದ ರಾಶಿ, ಬೆಟ್ಟೆ ಧಾರಣೆಯನ್ನೆಲ್ಲ ಒಂದು ಫೈಲಿಗೆ ಟೈಪ್ ಮಾಡಿದೆ. ಅದೇ ಪೈಥಾನ್ ಫಂಕ್ಷನ್‌ಗೆ ಕೊಟ್ಟೆ. ಲಾಕ್‌ಡೌನಿನಲ್ಲಿ ಮಾರುಕಟ್ಟೆ ನಿಂತ ದಿನಗಳ ಚೌಕ ಖಾಲಿ ಇದ್ದವು, ಅಲ್ಲಿ ನಾನು ಸೊನ್ನೆ ಹಾಕಿದ್ದೆ. ಗ್ರಾಫಿನಲ್ಲಿ ಆ ದಿನಗಳಲ್ಲಿ ಗೆರೆ ಇಲ್ಲ, ಪ್ರೋಗ್ರಾಂ ಮಾತ್ರ ನಿಲ್ಲದೆ ಮುಂದೆ ಹೋಗಿತ್ತು. ಯಾಕೆ ಅಂತ ನೋಡಿದರೆ, ಎರಡನೇ ಬೆಲೆ ಸೊನ್ನೆ ಇದ್ದರೆ ಭಾಗಿಸಬೇಡ ಅಂತ ಟಾಸ್ಕಿನಲ್ಲಿ ಒಂದು ಸಾಲು ಹಾಕಿದ್ದೆ. ಹಾಕುವಾಗ ಷೇರಿನ ಬೆಲೆ ಸೊನ್ನೆ ಆಗುವುದು ಯಾವಾಗ ಅಂತ ಯೋಚಿಸಿಯೂ ಇರಲಿಲ್ಲ. ಬೆಲೆ ಸೊನ್ನೆ ಆಗದಿದ್ದರೂ ಮಾಹಿತಿ ಬಾರದೇ ಇರಬಹುದು ಅಂತ ಆ ಖಾಲಿ ಚೌಕಗಳಿಂದ ಗೊತ್ತಾಯಿತು.

ಮುಂದಿನ ಇಂಟರ್ವ್ಯೂಗೆ ರೆಸ್ಯೂಮೆ ಬದಲಿಸಿದೆ. ಪ್ರಾಜೆಕ್ಟ್ ಅನ್ನುವ ಕಡೆ ಅಡಿಕೆ ಧಾರಣೆಯ ಪ್ರೋಗ್ರಾಂ, ಸರ್ಟಿಫಿಕೇಟ್ ಅನ್ನುವ ಕಡೆ ‘ಜೆಪಿ ಮಾರ್ಗನ್ ಸಾಫ್ಟ್‌ವೇರ್ ಎಂಜಿನಿಯರಿಂಗ್ ವರ್ಚುವಲ್ ಪ್ರೋಗ್ರಾಂ’ ಅಂತ ಇದ್ದದ್ದನ್ನು ಇದ್ದ ಹಾಗೆ. ಇಂಟರ್ವ್ಯೂ ಮಾಡಿದವರು ಸರ್ಟಿಫಿಕೇಟ್ ಬಗ್ಗೆ ಏನೂ ಕೇಳಲಿಲ್ಲ. ಖಾಲಿ ಚೌಕದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿಸಿದರು. ಸೊನ್ನೆ ಹಾಕಿದ್ದು ಸರಿಯಾ, ಹಿಂದಿನ ದಿನದ ಬೆಲೆ ಹಾಕಿದ್ದರೆ ಏನಾಗುತ್ತಿತ್ತು ಅಂತೆಲ್ಲ. ಆ ಕೆಲಸ ಸಿಕ್ಕಿತು. ಅದಕ್ಕೆ ಬೇರೆ ಓದೂ ಬೇಕಾಯಿತು, ಡೇಟಾ ಸ್ಟ್ರಕ್ಚರ್ ಪ್ರಶ್ನೆಗಳಿದ್ದ ರೌಂಡ್ ಬೇರೆಯೇ ಇತ್ತು.

ಹಾಗಾಗಿ ನಿಮಗೆ ನಾನು ಹೇಳುವುದು: ಮಾಡಿ, ಆದರೆ ಮಾದರಿ ಉತ್ತರವನ್ನು ಯೂಟ್ಯೂಬಿನಲ್ಲಿ ಹುಡುಕಿ ಅಂಟಿಸಬೇಡಿ. ಅರ್ಧ ಗಂಟೆಯಲ್ಲಿ ಸರ್ಟಿಫಿಕೇಟ್ ಬರುತ್ತೆ, ಅದರಿಂದ ಏನೂ ಬರುವುದಿಲ್ಲ. ವಿಟಿಯು ವಿಶ್ವವಿದ್ಯಾಲಯಕ್ಕೆ ಬೇಕಾದ ಕಡ್ಡಾಯ ಇಂಟರ್ನ್‌ಶಿಪ್‌ಗೆ ಇದನ್ನೇ ತೋರಿಸುವ ಯೋಚನೆ ಇದ್ದರೆ ಮೊದಲೇ ನಿಮ್ಮ ಗೈಡ್ ಹತ್ತಿರ ಕೇಳಿ. ನಮ್ಮ ಕಾಲೇಜಿನಲ್ಲಿ ಒಪ್ಪಲಿಲ್ಲ. ವಾರಗಟ್ಟಲೆ ಮಾಡಬೇಕಾದ ಕೆಲಸಕ್ಕೆ ಕೆಲವೇ ಗಂಟೆಗಳ ಪ್ರೋಗ್ರಾಂ ಸಮ ಅಲ್ಲ, ಅವರು ಒಪ್ಪದಿದ್ದದ್ದು ಸರಿಯೇ.

ಜೆಪಿ ಮಾರ್ಗನ್‌ನ ಪ್ರೋಗ್ರಾಂ ಈಗ ಬದಲಾಗಿದೆ. ಸರ್ವರ್ ಕಡೆಯ ಕೆಲಸಕ್ಕೆ ಬಳಸುವ ಜಾವಾ, ಸ್ಪ್ರಿಂಗ್ ಬೂಟ್, ಕಾಫ್ಕಾ ಬಂದಿವೆ. ಬೇರೆ ಬ್ಯಾಂಕುಗಳದ್ದನ್ನೂ ನೋಡಿ. ಡೇಟಾ ಇಷ್ಟವಿದ್ದರೆ ಆಸ್ಟ್ರೇಲಿಯಾದ ಎಎನ್‌ಜೆಡ್ ಬ್ಯಾಂಕಿನದ್ದು ಚೆನ್ನಾಗಿತ್ತು. ನೂರು ಕಾಲ್ಪನಿಕ ಗ್ರಾಹಕರ ಮೂರು ತಿಂಗಳ ವಹಿವಾಟು ಕೊಟ್ಟು ಅವರ ಸಂಬಳ, ಖರ್ಚು ಅಂದಾಜು ಮಾಡಿಸುತ್ತಿದ್ದರು. ಗೋಲ್ಡ್‌ಮನ್ ಸ್ಯಾಕ್ಸ್‌ನದ್ದರಲ್ಲಿ ಸೋರಿಹೋದ ಪಾಸ್‌ವರ್ಡ್‌ಗಳ ಹ್ಯಾಶ್ (ಪಾಸ್‌ವರ್ಡನ್ನು ಗುರುತು ಸಿಗದ ಹಾಗೆ ಬದಲಿಸಿಟ್ಟ ರೂಪ) ಒಡೆದು, ಅವು ಯಾಕೆ ಅಷ್ಟು ಸುಲಭವಾಗಿ ಒಡೆದವು ಅಂತ ವರದಿ ಬರೆಯಬೇಕಿತ್ತು.

ನಿಜವಾಗಿ ಜೆಪಿ ಮಾರ್ಗನ್ ಒಳಗೇ ಹೋಗಬೇಕು ಅಂತಿದ್ದರೆ ಕೋಡ್ ಫಾರ್ ಗುಡ್ ಅನ್ನುವ ಅವರ ಹ್ಯಾಕಥಾನ್‌ಗೆ ಅರ್ಜಿ ಹಾಕಿ. ಅಲ್ಲಿ ಆಯ್ಕೆ ಇರುತ್ತೆ. ತಂಡದಲ್ಲಿ ಕೂತು ಯಾವುದಾದರೂ ಸೇವಾ ಸಂಸ್ಥೆಗೆ ಬೇಕಾದದ್ದನ್ನು ಮಾಡಿಕೊಡಬೇಕು, ಚೆನ್ನಾಗಿ ಮಾಡಿದವರನ್ನು ಇಂಟರ್ನ್‌ಶಿಪ್‌ಗೆ ಕರೆಯುತ್ತಾರೆ. ಆರನೇ ಸೆಮಿಸ್ಟರ್ ಅಂದರೆ ನಿಮಗೆ ಅದು ಹತ್ತಿರದಲ್ಲೇ ಇದೆ. ಇವತ್ತೇ ಅವರ ಕೆರಿಯರ್ಸ್ ಪುಟ ನೋಡಿ. ಬ್ಯಾಂಕಿನ ಹೆಸರು ಹೇಳಿ ಇಂಟರ್ನ್‌ಶಿಪ್ ಕೊಡಿಸುತ್ತೇವೆ, ಒಂದೆರಡು ಸಾವಿರ ಕಟ್ಟಿ ಅನ್ನುವ ಮೆಸೇಜ್ ಬಂದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಎನ್‌ಪಿಎಂ ಎಲ್ಲಾದರೂ ಕೈಕೊಟ್ಟರೆ ಎರರ್‌ನ ಮೊದಲ ಹತ್ತು ಸಾಲು ಇಲ್ಲಿ ಹಾಕಿ, ಬರೀ ಕೊನೆಯ ಸಾಲನ್ನು ಹಾಕಬೇಡಿ. ರಾತ್ರಿ ಎಂಟರ ಮೇಲೆ ನೋಡಿ ಉತ್ತರ ಕೊಡುತ್ತೇನೆ.